ತೊಟ್ಟಿಯ ಮಕ್ಕಳು

ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಮೂವತ್ತು ವರ್ಷ ಸವೆಸಿದ ಹಿರಿಯ ಆಪರೇಟರ್‌ನನ್ನು ಎಲ್ಲರೂ ಮೂಗಣ್ಣ ಎಂದೇ ಕರೆಯುತ್ತಿದ್ದರು. ಯಾವ ತೊಟ್ಟಿ ಮುನಿಸಿಕೊಂಡಿದೆ ಎಂದು ಗೇಟಿನಲ್ಲಿ ನಿಂತೇ ಮೂಸಿ ಹೇಳಬಲ್ಲವನು. ಆತನ ಕೈಕೆಳಗೆ ಮೂರು ತಿಂಗಳು ಪಳಗಿದ ಹೊಲಿಗೆಯಕ್ಕನಿಗೆ ಇವತ್ತು ಪರೀಕ್ಷೆ. ಪಾಸಾದರೆ ಸೋಮವಾರದಿಂದ ಒಂದು ಪಾಳಿ ಪೂರ್ತಿ ಆಕೆಯದೇ. ಫೇಲಾದರೆ ಇನ್ನೂ ಒಂದು ವರ್ಷ ಜಾಲರಿಗೆ ಸಿಕ್ಕಿಕೊಂಡ ಚಿಂದಿ, ಕೂದಲು ಎಳೆಯುತ್ತ ನಿಲ್ಲಬೇಕು. "ಇಷ್ಟು ವರ್ಷ ಊರವರ ಬಟ್ಟೆ ಹೊಲಿದೆ. ಈಗ ಚೂರೆಲ್ಲ ನನ್ನನ್ನೇ ಹುಡುಕ್ಕೊಂಡು ಬರ್ತವೆ" ಎಂದು ನಗುತ್ತಿದ್ದಳು.

ಪರೀಕ್ಷೆ ಮಾಡಲು ಬಂದ ಇಂಜಿನಿಯರ್ ಮೇಡಂ ಹೊಲಿಗೆಯಕ್ಕ ಬರೆದಿದ್ದ ಲಾಗ್ ಬುಕ್ ತೆರೆದರು. ಓದುತ್ತ ಓದುತ್ತ ಅವರ ಮುಖ ಬಿಳಿಚಿಕೊಂಡಿತು.

"ಏನ್ರೀ ಇದು? 'ಆರು ಗಂಟೆ: ಮಕ್ಕಳಿಗೆ ಉಸಿರು ಕಟ್ಟಿದೆ. ಏಳು ಗಂಟೆ: ಚೇತರಿಸಿಕೊಂಡವು.' ಯಾರ ಮಕ್ಕಳು? ಆಸ್ಪತ್ರೆಗೆ ಕರ್ಕೊಂಡು ಹೋದ್ರಾ?"

ಮೂಗಣ್ಣ ಕಿಟಕಿಯ ಕಡೆ ತಿರುಗಿ ಕೆಮ್ಮತೊಡಗಿದ. ಅದು ಕೆಮ್ಮಲ್ಲ ಎಂದು ಅವನ ಭುಜಗಳೇ ಹೇಳುತ್ತಿದ್ದವು.

ಹೊಲಿಗೆಯಕ್ಕನ ಕಿವಿ ಕೆಂಪಾಯಿತು. ಗಾಳಿ ಊದುವ ತೊಟ್ಟಿಯಲ್ಲಿ ಕೊಳೆಯನ್ನು ತಿಂದು ನೀರನ್ನು ತಿಳಿ ಮಾಡುವ, ಕಣ್ಣಿಗೆ ಕಾಣದ ಜೀವಿಗಳನ್ನು ಮೂಗಣ್ಣ ಮಕ್ಕಳೆಂದೇ ಕರೆಯುವುದು. ಪುಸ್ತಕದಲ್ಲಿರುವ ಅವುಗಳ ಹೆಸರು ಆಕೆಯ ಬಾಯಿಗೆ ಬರಲೇ ಇಲ್ಲ.

"ಮನುಷ್ಯರ ಮಕ್ಕಳಲ್ಲ ಮೇಡಂ, ತೊಟ್ಟಿಯವು! ಮೀಟರ್‌ನಲ್ಲಿ ಆಕ್ಸಿಜನ್ ಎರಡು ಇರಬೇಕಾದ್ದು ಅರ್ಧಕ್ಕೆ ಇಳಿದಿತ್ತು. ಗಾಳಿ ಊದೋ ಎರಡನೇ ಬ್ಲೋವರ್ ಹಾಕ್ದೆ, ಉಸಿರು ಬಂತು."

"ಹೂಂ," ಎಂದರು ಮೇಡಂ, ಏನೂ ಬಿಟ್ಟುಕೊಡದೆ. "ಅವು ಚೆನ್ನಾಗಿವೆ ಅಂತ ತೋರ್ಸಿ, ನೋಡೋಣ."

ಆಕೆ ತೊಟ್ಟಿಯಿಂದ ಒಂದು ಲೀಟರ್ ಕಂದು ನೀರು ತಂದು, ಗೆರೆ ಹಾಕಿದ ಗಾಜಿನ ಜಾಡಿಗೆ ಸುರಿದು, ಮೇಜಿನ ಮೇಲಿಟ್ಟಳು. ಅರ್ಧ ಗಂಟೆ ಅದು ಅಲುಗಬಾರದು. ಕೆಸರು ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲಬೇಕು. ಹೊರಗೆ ಬ್ಲೋವರ್ ಒಂದೇ ಶ್ರುತಿ ಹಿಡಿದಿತ್ತು. ಹತ್ತು ನಿಮಿಷ ಕಳೆದಿರಬಹುದು. ಜಾಡಿಯನ್ನು ಬೆಳಕಿಗೆ ಎತ್ತಿ ನೋಡಲೆಂಬಂತೆ ಮೇಡಂ ಕೈ ಚಾಚಿದರು.

"ಮುಟ್ಬೇಡಿ! ಈಗಷ್ಟೇ ಮಲಗ್ತಾ ಇವೆ!"

ಗದರಿದ್ದು ಯಾರನ್ನು ಎಂದು ಹೊಲಿಗೆಯಕ್ಕನಿಗೆ ಹೊಳೆಯುವಷ್ಟರಲ್ಲಿ ಮಾತು ಬಾಯಿ ದಾಟಿತ್ತು. ಮೂಗಣ್ಣನ ಕೆಮ್ಮೂ ನಿಂತಿತು. ಮೇಡಂ ಕೈ ಹಿಂದಕ್ಕೆಳೆದುಕೊಂಡರು. ಆಕೆಯ ಕಣ್ಮುಂದೆ ಆಗಲೇ ಜಾಲರಿ, ಚಿಂದಿ, ಇನ್ನೊಂದು ವರ್ಷ.

ಕೆಸರು ಮೆಲ್ಲಮೆಲ್ಲನೆ ಇಳಿದು ಕಾಲುಭಾಗದ ಗೆರೆಯ ಹತ್ತಿರ ನೆಲೆನಿಂತಿತು. ಮೇಲಿನ ನೀರಿನ ಮೂಲಕ ಗೋಡೆ ಗಡಿಯಾರದ ಮುಳ್ಳು ಕಾಣುತ್ತಿತ್ತು.

"ಸೋಮವಾರ ಆರಕ್ಕೆ ಬನ್ನಿ," ಎಂದರು ಮೇಡಂ, ಸಹಿ ಹಾಕುತ್ತ. "ಕೈ ಚಾಚಿದ್ದು ಬೇಕಂತಲೇ. ಹೋದ ವಾರ ಪರೀಕ್ಷೆಗೆ ಬಂದಿದ್ದ ಇಬ್ರು, ನಾನು ಜಾಡಿ ಅಲ್ಲಾಡಿಸ್ತಿದ್ರೂ 'ಹೌದು ಮೇಡಂ' ಅಂತ ನಿಂತಿದ್ರು. ಆದ್ರೆ ಲಾಗ್ ಬುಕ್ಕಲ್ಲಿ ಇನ್ಮೇಲೆ ಮಕ್ಕಳು ಬೇಡ. ಸೂಕ್ಷ್ಮಜೀವಿಗಳು ಅಂತ ಬರೀರಿ. ನನ್ನ ಎದೆ ಒಡೆದು ಹೋಗಿತ್ತು."

ಆಕೆ ಬರೆದಳು: 'ಹನ್ನೊಂದು ಗಂಟೆ: ಸೂಕ್ಷ್ಮಜೀವಿಗಳು ಕ್ಷೇಮ.'

ಮೂಗಣ್ಣ ಭುಜದ ಮೇಲಿಂದ ಇಣುಕಿದ. "ಇಷ್ಟುದ್ದ ಹೆಸರಿಟ್ರೆ ಯಾವ ಮಗು ತಿರುಗಿ ನೋಡುತ್ತಮ್ಮಾ?"