ತಗ್ಗಿಸಿ ನುಡಿಸುತ್ತಿದ್ದ ರಂಗೆಲ್

"ನಿನ್ನ ಕಡೆ ಎತ್ತೋ ತೆನ್ಯೊ, ಜಾರ್ತಾ ಇದೆ!" ಎಂದು ಗಾಂಚೊ ಮೇಲಿನ ಮೆಟ್ಟಿಲಿನಿಂದ ಕೂಗಿದ.

ತೆನ್ಯೊ ಶವಪೆಟ್ಟಿಗೆಯ ಮೂಲೆಯನ್ನು ಹೆಗಲಿಗೆ ಕೊಟ್ಟು ಎತ್ತಿದ. ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ತಿರುವಿನಲ್ಲಿ ಪೆಟ್ಟಿಗೆ ಗೋಡೆಗೆ ಉಜ್ಜಿ ಸುಣ್ಣ ಉದುರಿ ಅವನ ಕಪ್ಪು ಕೋಟಿನ ಮೇಲೆ ಬಿತ್ತು. ಮೇಲೆ ಮನೆಯ ಹೊಸ್ತಿಲಲ್ಲಿ ಯಾರೋ ಹೆಂಗಸು ಮಣ್ಣಿನ ಕುಡಿಕೆಯನ್ನು ನೆಲಕ್ಕೆ ಬಡಿದು ಒಡೆದಳು. ಸಾವು ಮತ್ತೆ ಆ ಮನೆಯ ಕಡೆ ತಲೆ ಹಾಕದಿರಲಿ ಎಂದು.

"ಬದುಕಿದ್ದಾಗ ಇಷ್ಟು ಭಾರ ಇರಲಿಲ್ಲ ಪುಣ್ಯಾತ್ಮ," ಅಂದ ಗಾಂಚೊ.

"ಬಾಯಿ ಮುಚ್ಕೊಂಡು ಇಳಿ."

ಕೆಳಗಿನ ಬಾಗಿಲಿಗೆ ಅಂಟಿಸಿದ ಸಾವಿನ ಸುದ್ದಿಯ ಚೀಟಿಯಲ್ಲಿ ರಂಗೆಲ್‌ನ ಫೋಟೋ ಇತ್ತು. ಬ್ಯಾಂಡಿನ ಹಳೆಯ ಗುಂಪುಚಿತ್ರದಿಂದ ಕತ್ತರಿಸಿದ್ದು. ಅವನ ಎಡಗಡೆ ಇನ್ನೊಬ್ಬನ ಹೆಗಲಿನ ತುಣುಕೊಂದು ಉಳಿದುಕೊಂಡಿತ್ತು. ಅದು ತನ್ನದೇ ಹೆಗಲು ಎಂದು ತೆನ್ಯೊನಿಗೆ ತಿಳಿಯಲು ಕ್ಷಣ ಹಿಡಿಯಿತು.

ಅಂಗಳದಲ್ಲಿ ನೆರೆಯವರು ಗುಂಪುಗುಂಪಾಗಿ ನಿಂತಿದ್ದರು.

"ಲಾರಿಯವನು ಪೇಟೆ ತಿರುವಿನಿಂದಲೇ ಹಾರ್ನ್ ಒತ್ಕೊಂಡು ಬಂದನಂತೆ. ಅರ್ಧ ಯಾಂಬೋಲ್ ಊರಿಗೇ ಕೇಳಿಸ್ತಂತೆ. ಇವನು ತಿರುಗಿ ಕೂಡ ನೋಡಲಿಲ್ವಂತೆ."

"ಬೇಕಂತಲೇ ಮಾಡ್ಕೊಂಡನೇನೋ. ಬ್ಯಾಂಡು ಬಿಡಿಸಿದ ಮೇಲೆ ಯಾರ ಹತ್ರಾನೂ ಮಾತಿರಲಿಲ್ಲ."

"ಕುಡೀತಿದ್ದ ಬಿಡಿ. ಅದಕ್ಕೇ ತಾನೆ ಬಿಡಿಸಿದ್ದು?"

ರಂಗೆಲ್ ಒಂದು ಲೋಟದ ಮೇಲೆ ಎರಡನೆಯದು ಮುಟ್ಟಿದವನಲ್ಲ ಎಂದು ಹೇಳಲು ತೆನ್ಯೊ ಬಾಯಿ ತೆರೆದ. ಅಷ್ಟರಲ್ಲಿ ಶವದ ವ್ಯಾನಿನ ಬಾಗಿಲು ಹಾಕಬೇಕಾಯಿತು. ಹಾಕಿದ. ಮಾತು ಅಲ್ಲಿಗೇ ನಿಂತಿತು.

*

ತೆನ್ಯೊ, ರಂಗೆಲ್ ಇಬ್ಬರೂ ಮದುವೆ ಬ್ಯಾಂಡಿನಲ್ಲಿ ಜೊತೆಗೆ ನುಡಿಸಿದ್ದು ಇಪ್ಪತ್ತಾರು ವರ್ಷ. ಗಾಂಚೊನ ಕ್ಲಾರಿನೆಟ್, ದಫೀನಾಳ ಹಾಡು, ತೆನ್ಯೊನ ಡ್ರಮ್ಸ್, ಅದರ ಬಲಕ್ಕೆ, ದೊಡ್ಡ ಕಂಚಿನ ತಾಳದ ಪಕ್ಕದಲ್ಲೇ, ಬೇಸ್ ಗಿಟಾರು ಹಿಡಿದ ರಂಗೆಲ್.

ಎಲ್ಲಿಗೆ ಹೋದರೂ ಅವನು ಮೊದಲು ಛತ್ರದ ನಾಲ್ಕೂ ಮೂಲೆಗೆ ಹೋಗಿ ಚಪ್ಪಾಳೆ ತಟ್ಟಿ ನೋಡುತ್ತಿದ್ದ. ಆಮೇಲೆ ತನ್ನ ಆಂಪ್ಲಿಫೈಯರ್ ಪೆಟ್ಟಿಗೆಯ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಟ್ಟನೆಂದರೆ ಊಟದ ತನಕ ಅದನ್ನು ಮುಟ್ಟುತ್ತಿರಲಿಲ್ಲ.

"ಜೋರು ಅನ್ನೋದು ಗುಂಡೀಲಿ ಇರಬಾರದು ಕಣೋ, ಬೆರಳಲ್ಲಿರಬೇಕು," ಅನ್ನುತ್ತಿದ್ದ. "ಯಾವಾಗ್ಲೂ ಅರ್ಧ ಬಲ ಕೈಯಲ್ಲೇ ಉಳಿಸ್ಕೋಬೇಕು. ಶುರುವಿಗೇ ಎಲ್ಲ ಸುರಿದ್ಬಿಟ್ರೆ ಆಮೇಲೆ ಏರೋದು ಎಲ್ಲಿಗೆ?"

ದಫೀನಾ ಬಾಯಿ ತೆರೆದಳೆಂದರೆ ಅವನ ಬೆರಳು ತಂತಿಯ ಮೇಲೆ ಮೇಲಕ್ಕೆ, ಗಿಟಾರಿನ ಕತ್ತಿನ ಕಡೆಗೆ ಜರುಗುತ್ತಿತ್ತು. ನಾದ ದುಂಡಗಾಗಿ, ಮೆತ್ತಗಾಗಿ ಅವಳ ಕಾಲ ಕೆಳಗೆ ಕಂಬಳಿಯಂತೆ ಹಾಸಿಕೊಳ್ಳುತ್ತಿತ್ತು. ಕೈಕೈ ಹಿಡಿದ ಕುಣಿತದ ಸಾಲು ಬೆಳೆಯುತ್ತ ಹೋದಂತೆ ಬೆರಳು ತಂತಿಯ ಬುಡಕ್ಕೆ ಇಳಿದು ಗಟ್ಟಿಯಾಗುತ್ತಿತ್ತು. ಜನ ಇನ್ನಷ್ಟು ಹುರುಪಿನಿಂದ ಕುಣಿಯುತ್ತಿದ್ದರು. ಯಾಕೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ.

ಒಮ್ಮೆ ಒಂದು ಹಳ್ಳಿಯ ಮದುವೆಗೆ ದಫೀನಾ ಜ್ವರದಲ್ಲೇ ಬಂದಿದ್ದಳು. ಮದುಮಗಳನ್ನು ತವರಿನಿಂದ ಕಳಿಸಿಕೊಡುವ ಹಾಡು. ಎರಡನೆಯ ಸಾಲಿಗೆ ಅವಳ ದನಿ ಒಡೆಯಿತು. ಗಾಂಚೊ ಕ್ಲಾರಿನೆಟ್ ಎತ್ತಿ ಅದನ್ನು ಮುಚ್ಚಿಹಾಕಲು ಹೊರಟ. ರಂಗೆಲ್ ಬೇಡವೆಂದು ತಲೆಯಾಡಿಸಿ ತೆನ್ಯೊನ ಕಡೆ ನೋಡಿದ. ತೆನ್ಯೊ ಕೋಲು ಬಿಟ್ಟು, ಡ್ರಮ್ಮನ್ನು ಮೆತ್ತಗೆ ಸವರುವ ತಂತಿಬ್ರಷ್ ಹಿಡಿದ. ಬೇಸ್ ತಗ್ಗಿತು, ಇನ್ನೂ ತಗ್ಗಿತು, ಕೊನೆಗೆ ಎದೆಬಡಿತದಷ್ಟೇ ಉಳಿಯಿತು. ಅಂಗಳದ ಮುನ್ನೂರು ಜನ ಚಮಚ ಕೆಳಗಿಟ್ಟರು. ಆ ಒಡೆದ ದನಿಗೆ ಮದುಮಗಳ ಅಪ್ಪ, ಕಸುಬಿನಲ್ಲಿ ಕಟುಕ, ಮುಖ ಮುಚ್ಚಿಕೊಂಡು ಅತ್ತ.

"ಕೂಗಿದ್ರೆ ಕಿವಿ ಮುಚ್ಕೋತಾರೆ. ಪಿಸುಗುಟ್ಟಿದ್ರೆ ಬಗ್ಗಿ ಕೇಳ್ತಾರೆ," ಅಂದ ರಂಗೆಲ್, ವ್ಯಾನಿಗೆ ಸಾಮಾನು ತುಂಬುತ್ತ. ಹೊಗಳಿಕೆಯೆಲ್ಲ ದಫೀನಾಳಿಗೆ ಸಿಕ್ಕಿತ್ತು. ಅವನಿಗೆ ಅದೇ ಸಮಾಧಾನ.

*

ಗೋರಿಯ ಬಳಿ ಪಾದ್ರಿ ವೈನು ಸುರಿದು ಹಿಂದೆ ಸರಿದ. ಗಾಂಚೊ ಕ್ಲಾರಿನೆಟ್ ಹೊರತೆಗೆದ. ತೆನ್ಯೊ ಕುತ್ತಿಗೆಗೆ ಡೋಲು ಹಾಕಿಕೊಂಡ. ನಿಧಾನದ ರಾಗ, ಸಾವಿರ ಸಲ ನುಡಿಸಿದ್ದು. ಆದರೆ ಕ್ಲಾರಿನೆಟ್ ಬೆತ್ತಲಾಗಿ, ಕೀರಲಾಗಿ ಮೇಲೆಲ್ಲೋ ತೇಲಿತು. ಡೋಲಿನ ಪೆಟ್ಟು ಒಂದೊಂದೇ ಬಿಡಿಯಾಗಿ ಉದುರಿತು. ನಡುವೆ ಏನೂ ಇರಲಿಲ್ಲ. ಗಾಂಚೊ ಅರ್ಧಕ್ಕೇ ನಿಲ್ಲಿಸಿ ತುಟಿ ಒರೆಸಿಕೊಂಡ.

"ಚಳಿಗೆ ತುಟಿ ನಿಲ್ತಿಲ್ಲ," ಅಂದ.

ಬಿಸಿಲು ಚುರುಗುಟ್ಟುತ್ತಿತ್ತು. ಜನ ಒಬ್ಬೊಬ್ಬರಾಗಿ ಒಂದೊಂದು ಹಿಡಿ ಮಣ್ಣು ಹಾಕಿದರು. ರಂಗೆಲ್‌ನ ಹೆಂಡತಿ ಪೆನ್ಕಾ ಅಳಲಿಲ್ಲ. ಪೆಟ್ಟಿಗೆಯ ಮುಚ್ಚಳಕ್ಕೆ ಮಣ್ಣು ಬೀಳುವ ಸದ್ದು ಮುಗಿಯುವವರೆಗೂ ತಲೆ ಓರೆ ಮಾಡಿ ಕೇಳುತ್ತ ನಿಂತಿದ್ದಳು.

*

ಬ್ಯಾಂಡು ಬಿಡಿಸಿದ್ದು ಆರು ವರ್ಷದ ಹಿಂದಿನ ಮಾತು. ಕೆಲವು ತಿಂಗಳಿಂದ ರಂಗೆಲ್‌ನ ಬೇಸ್ ಜೋರಾಗುತ್ತಲೇ ಇತ್ತು. ಗುಂಡಿ ಅರ್ಧ ದಾಟಿತ್ತು. ತಗ್ಗಿಸು ಅಂದರೆ ನಗುತ್ತಿದ್ದ, ತಲೆಯಾಡಿಸುತ್ತಿದ್ದ, ತಗ್ಗಿಸುತ್ತಿರಲಿಲ್ಲ.

ಆ ದಿನ ಹೋಟೆಲಿನ ಮೇಜುಗಳ ಮೇಲೆ ಲೋಟ ನಡುಗತೊಡಗಿತು. ದಫೀನಾ ಮೈಕಿನಲ್ಲಿ ಅರಚಿದರೂ ಮಾತು ಕೇಳಿಸುತ್ತಿರಲಿಲ್ಲ. ಮದುಮಗನ ಅಪ್ಪ ಬಂದು, "ಇದೇನು ಮದುವೆ ಮಾಡ್ತಿದ್ದೀರೋ, ಕಲ್ಲು ಒಡೀತಿದ್ದೀರೋ?" ಅಂದ. ಗಾಂಚೊ ಕೆಂಪಾದ. ತೆನ್ಯೊನ ಕಡೆ ತಿರುಗಿ ಕೈಯಲ್ಲೇ ಸನ್ನೆ ಮಾಡಿದ: ಕಿತ್ತುಹಾಕು.

ಆಂಪ್ಲಿಫೈಯರಿನ ಪ್ಲಗ್ಗು ತೆನ್ಯೊನ ಕಾಲ ಬಳಿಯೇ ಇತ್ತು. ಅವನು ಒಂದು ಕೈಯಲ್ಲಿ ತಾಳ ಬಾರಿಸುತ್ತಲೇ ಬಗ್ಗಿ ಇನ್ನೊಂದು ಕೈಯಲ್ಲಿ ಪ್ಲಗ್ಗು ಎಳೆದ.

ಬೇಸ್ ಸತ್ತಿತು. ರಂಗೆಲ್ ನುಡಿಸುತ್ತಲೇ ಇದ್ದ. ಕಣ್ಣು ಅರ್ಧ ಮುಚ್ಚಿ, ಬೆರಳನ್ನು ಮೆತ್ತಗೆ ಕತ್ತಿನ ಕಡೆ ಜರುಗಿಸಿ, ದಫೀನಾಳಿಗೆ ಜಾಗ ಬಿಟ್ಟುಕೊಡುತ್ತ, ಇಡೀ ಒಂದು ಚರಣ ನುಡಿಸಿದ. ಮುಂದಿನ ಮೇಜಿನವರು ತೋರಿಸಿ ತೋರಿಸಿ ನಕ್ಕರು. "ಎಣ್ಣೆ ಫುಲ್ ಏರಿಸ್ಬಿಟ್ಟಿದಾನೆ!" ಎಂದು ಯಾರೋ ಕೂಗಿದರು. ಕೊನೆಗೆ ಆಂಪ್ಲಿಫೈಯರ್ ಪೆಟ್ಟಿಗೆಗೆ ಒರಗಿಸಿದ ಕಾಲಿಗೆ ನಡುಕ ತಾಕದೆ ಅವನು ತಿರುಗಿ ನೋಡಿದ. ತೆನ್ಯೊನ ಕೈಯಲ್ಲಿ ಪ್ಲಗ್ಗು ಇತ್ತು.

ರಂಗೆಲ್ ವಯರನ್ನು ಒಪ್ಪವಾಗಿ ಸುತ್ತಿದ. ಗಿಟಾರನ್ನು ಚೀಲಕ್ಕೆ ಹಾಕಿ, ಅಡುಗೆಮನೆಯ ಬಾಗಿಲಿನಿಂದ ಹೊರಟುಹೋದ. ಮರುವಾರದಿಂದ ಕೀಬೋರ್ಡಿನ ಯಂತ್ರವೇ ಬೇಸ್ ನುಡಿಸತೊಡಗಿತು.

ಆ ಒಂದು ಚರಣದಲ್ಲೇ ತೆನ್ಯೊನಿಗೆ ಗೊತ್ತಾಗಿಹೋಗಿತ್ತು. ಇವನಿಗೆ ಕಿವಿ ಕೇಳುತ್ತಿಲ್ಲ. ಬೇರೆ ಯಾವ ಕಾರಣವೂ ಇರಲು ಸಾಧ್ಯವಿರಲಿಲ್ಲ. ಊರು ಕುಡುಕ ಅಂದಿತು. ತೆನ್ಯೊ ಅಲ್ಲ ಅನ್ನಲಿಲ್ಲ. ನಾಳೆ ಹೋಗಿ ಮಾತಾಡಿಸಿದರಾಯಿತು ಅಂದುಕೊಂಡ. ನಾಳೆ ನಾಳೆ ಎನ್ನುತ್ತಲೇ ಆರು ವರ್ಷ ಕಳೆಯಿತು.

*

ಸಾವಿನ ಊಟಕ್ಕೆ ಹುರುಳಿಕಾಯಿ ಸಾರು, ಮೀನು, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ. ಲೋಟಕ್ಕೆ ಲೋಟ ತಾಗಿಸದೆ, ನೆಲಕ್ಕೆ ನಾಲ್ಕು ಹನಿ ಚೆಲ್ಲಿ, "ದೇವರು ಕ್ಷಮಿಸಲಿ" ಎಂದು ಎಲ್ಲರೂ ಕುಡಿದರು. ಪೆನ್ಕಾ ತೆನ್ಯೊನ ಎದುರು ಬಂದು ಕುಳಿತಳು.

"ನಿನಗೊಂದು ಹೇಳ್ಬೇಕು. ಅವನು ಹೇಳ್ಬೇಡ ಅಂದಿದ್ದ, ಈಗ ಅವನೇ ಇಲ್ವಲ್ಲ. ಅವನಿಗೆ ಕಿವಿ ಹೋಗಿತ್ತು ತೆನ್ಯೊ."

ತೆನ್ಯೊ ತಟ್ಟೆ ನೋಡಿದ.

"ಎಡಗಿವಿ ಮೊದಲು ಹೋಯ್ತು. ಡಾಕ್ಟರು ಕೇಳಿದ್ರು, ಕೆಲಸದಲ್ಲಿ ಎಡಗಡೆ ಏನಿರುತ್ತಪ್ಪಾ ಅಂತ. 'ನನ್ನ ಸ್ನೇಹಿತ ಇರ್ತಾನೆ' ಅಂದ." ಅವಳು ಸೆರಗಂಚಿನಂತೆ ಮೇಜುಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಿನಗೆ ಗೊತ್ತಾದ್ರೆ ಕೈ ಹೆದರ್ಕೊಂಡು ಬಾರಿಸ್ತೀಯ, ತಾಳ ಕೆಡುತ್ತೆ ಅಂತ ಬಾಯಿ ಬಿಡಲಿಲ್ಲ."

"ಪೆನ್ಕಾ, ನಾನು..."

"ಬಿಡು. ಅವನಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. 'ಪಾಪ, ಅವನಿಗೇನು ಗೊತ್ತು. ಗೊತ್ತಿದ್ದಿದ್ರೆ ಎಳೀತಿರಲಿಲ್ಲ, ಗೊತ್ತಾಗಿದ್ರೆ ಮಾರನೇ ದಿನಾನೇ ಬರ್ತಿದ್ದ' ಅಂತಿದ್ದ. ಕೊನೇ ತನಕ ಹಾಗೇ ಅಂತಿದ್ದ."

ಈಗಲಾದರೂ ಹೇಳಬೇಕಿತ್ತು. ತೆನ್ಯೊ ಲೋಟ ಎತ್ತಿ ಉಳಿದದ್ದನ್ನು ಕುಡಿದ.

"ಆ ಗಿಟಾರು ನೀನೇ ತಗೊಂಡು ಹೋಗು. ಒಳಗಿದೆ. ನನ್ನ ಕೈಲಿ ನೋಡಕ್ಕಾಗಲ್ಲ."

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೇಸ್ ಮಂಚದ ಮೇಲಿತ್ತು. ಆಂಪ್ಲಿಫೈಯರ್ ಇರಲಿಲ್ಲ, ಎಂದೋ ಮಾರಿರಬೇಕು. ತೊಡೆಯ ಮೇಲೆ ಇಟ್ಟುಕೊಂಡಾಗ ಗಿಟಾರಿನ ಮೇಲ್ಗಡೆ ಕೊಂಬಿನಂತೆ ಚಾಚಿದ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ಬಣ್ಣ ಹೋಗಿ ಮರ ಬೆತ್ತಲಾಗಿತ್ತು. ಮರದಲ್ಲಿ ಮೇಲೊಂದು, ಕೆಳಗೊಂದು, ಆಳವಾದ ಸಾಲು ಗುರುತು. ಇಲಿ ಕಡಿದಿದೆ ಅಂದುಕೊಂಡು ಬೆರಳಾಡಿಸಿದ. ಇಲಿಯದ್ದಲ್ಲ. ಮನುಷ್ಯನ ಹಲ್ಲಿನ ಗುರುತು.

ತೆನ್ಯೊ ಬಗ್ಗಿ, ಆ ಗುರುತುಗಳಿಗೆ ತನ್ನ ಹಲ್ಲು ಕೂಡಿಸಿ ಕಚ್ಚಿ ಹಿಡಿದು, ದಪ್ಪ ತಂತಿಯನ್ನು ಮೆತ್ತಗೆ ಮೀಟಿದ. ನಾದ ಕಿವಿಯ ಹಂಗಿಲ್ಲದೆ ದವಡೆಯಿಂದ ಏರಿ ತಲೆಬುರುಡೆಯನ್ನೆಲ್ಲ ತುಂಬಿತು. ಪಕ್ಕದ ಕೋಣೆಯಲ್ಲಿ ಚಮಚಗಳು ತಟ್ಟೆಗೆ ತಾಗುತ್ತಲೇ ಇದ್ದವು. ಯಾರೂ ತಲೆ ಎತ್ತಲಿಲ್ಲ.