ಅರಿಶಿನ ಬಳಿದ ಸರಳು

ಚನ್ನಗಿರಿಯ ಜಯದೇವಪ್ಪನ ಫಟಫಟಿ ಮೋಟಾರ್ ಸೈಕಲ್ಲಿನ ಹಿಂದಿನ ಸ್ಪ್ರಿಂಗು ಮುರಿದದ್ದು ರಸ್ತೆಯ ತಪ್ಪಿನಿಂದಲ್ಲ. ಜಗಳೂರಿನಿಂದ ಬರುವಾಗ ಬೆನ್ನ ಹಿಂದೆ ಒಬ್ಬ ಆಳನ್ನೂ ಒಂದು ಮೂಟೆ ಶೇಂಗಾವನ್ನೂ ಹೇರಿಕೊಂಡಿದ್ದ. ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಹಿಂದುಗಡೆಯೂ ಸ್ಪ್ರಿಂಗಿದ್ದ ಗಾಡಿ ಇಡೀ ತಾಲೂಕಿಗೆ ಅದೊಂದೇ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದವನು ಇವನೇ.

ಬೊಂಬಾಯಿಯಿಂದ ಹೊಸ ಸ್ಪ್ರಿಂಗು ಬಂದ ವಾರವೇ ಹೊನ್ನಾಳಿಯ ಬಸ್ ಮಾಲೀಕ ತಿಪ್ಪೇಶಪ್ಪನವರು ತಮ್ಮ ಬಸ್ಸಿನ ಶೆಡ್ಡಿಗೆ ಕಾಯಂ ಮಿಸ್ತ್ರಿಯನ್ನು ಹುಡುಕುತ್ತ ನನ್ನ ರಿಪೇರಿ ಅಂಗಡಿಗೆ ಬಂದರು. "ಮುರ್ತುಜಾಸಾಬ, ನಿನ್ನ ಕೆಲ್ಸ ಹೆಂಗೈತೆ ನೋಡ್ತೀನಿ. ಈ ಜಯದೇವನ ಗಾಡಿ ಹಿಂದೆ ಕೂತ್ಕಂಡೇ ಊರಿಗೆ ಹೋಗ್ತೀನಿ" ಎಂದರು. ನನಗೆ ಮೂರು ಮಕ್ಕಳು. ಕಾಯಂ ಕೆಲಸವೆಂದರೆ ಸಣ್ಣ ಮಾತಲ್ಲ.

ಈ ಗಾಡಿಯಲ್ಲಿ ಹಿಂದಿನ ಗಾಲಿ ಎರಡು ಉಕ್ಕಿನ ಸರಳುಗಳ ಮೇಲೆ ಏರಿ ಇಳಿಯಬೇಕು. ಸರಳಿಗೆ ಗ್ರೀಸು ಹಚ್ಚಿ ಜೋಡಿಸಲು ಇಟ್ಟಿದ್ದೆ. ಜಯದೇವಪ್ಪ ಪೂಜೆಗೆಂದು ಎಲ್ಲವನ್ನೂ ಮನೆಗೆ ಒಯ್ದ. ಪೂಜೆಗೆ ನನ್ನ ತಕರಾರಿಲ್ಲ. ಊದುಬತ್ತಿ ಹಚ್ಚದೆ ನಾನೂ ಸ್ಪ್ಯಾನರ್ ಮುಟ್ಟುವವನಲ್ಲ. ಆದರೆ ಮಾರನೆಯ ಬೆಳಿಗ್ಗೆ ನೋಡಿದರೆ, ಸೀಗೆಕಾಯಿ ಹಾಕಿ ತಿಕ್ಕಿ ತೊಳೆದು, ಸರಳಿಗೆ ಉದ್ದಕ್ಕೂ ಅರಿಶಿನ ಬಳಿದಿದ್ದ, ಮದುಮಗಳಿಗೆ ಬಳಿದ ಹಾಗೆ.

"ಇದನ್ನ ಒರೆಸಿ ಗ್ರೀಸ್ ಹಚ್ಬೇಕು ರೀ."

"ದೇವ್ರ ಮುಂದೆ ಇಟ್ಟಿದ್ದನ್ನ ಒರೆಸ್ತಾರೇನೋ ಸಾಬ? ಆ ಕರಿ ಕೊಳೆ ಬ್ಯಾಡ. ಹಂಗೇ ಹಾಕು."

"ಒಣಾ ಹಾಕಿದ್ರೆ ಸರಳು ಕಚ್ಕಂತೈತೆ, ಗಾಲಿ ಏರಿ ಇಳಿಯಲ್ಲ."

"ಬೊಂಬಾಯಿ ಮಾಲು ಕಣೋ! ಎತ್ತಿನಗಾಡಿ ಅಂದ್ಕಂಡ್ಯಾ? ಆಗಲ್ಲ ಅಂದ್ರೆ ಹೇಳು, ತಿಪ್ಪೇಶಣ್ಣಂಗೆ ಬ್ಯಾರೆ ಮಿಸ್ತ್ರಿ ತೋರಿಸ್ತೀನಿ."

ಉದ್ದ ಬೋಲ್ಟು ಹಾಕಿ ಸ್ಪ್ರಿಂಗುಗಳನ್ನು ಅದುಮಿ, ಅರಿಶಿನದ ಸಮೇತ ಕೂರಿಸಿದೆ. ಜಯದೇವಪ್ಪ ತಿಪ್ಪೇಶಪ್ಪನವರನ್ನು ಹಿಂದೆ ಕೂರಿಸಿಕೊಂಡು ಹೊನ್ನಾಳಿಗೆ ಹೊರಟ.

ಮಧ್ಯಾಹ್ನ ಬಸ್ಸಿನವನು ಸುದ್ದಿ ತಂದ. ಬಸವಾಪಟ್ಟಣದ ಹತ್ತಿರ ಗಾಡಿ ನಿಂತಿದೆಯಂತೆ. ಸಾಮಾನಿನ ಚೀಲ ಹಿಡಿದು ಬಸ್ಸು ಹತ್ತಿ ಹೋದೆ. ಎಡಗಡೆ ಸರಳು ಕಚ್ಚಿಕೊಂಡು, ಗಾಲಿ ವಾರೆಯಾಗಿ, ಚೈನು ಕಳಚಿ ಬಿದ್ದಿತ್ತು. ತಿಪ್ಪೇಶಪ್ಪನವರು ಸೊಂಟ ಹಿಡಿದುಕೊಂಡು ಮೈಲಿಗಲ್ಲಿನ ಮೇಲೆ ಕೂತಿದ್ದರು.

"ನೋಡ್ರಣ್ಣ ಇವನ ಕೆಲ್ಸಾನ!" ಎಂದ ಜಯದೇವಪ್ಪ.

ನಾನು ಗಾಲಿ ಬಿಚ್ಚಿದೆ. ಸರಳಿನ ಮೇಲೆ ಅರಿಶಿನ ಗಾರೆಯ ಹಾಗೆ ಗಟ್ಟಿಯಾಗಿತ್ತು. ತಿಪ್ಪೇಶಪ್ಪನವರು ಬಗ್ಗಿ ಉಗುರಿನಿಂದ ಕೆರೆದರು.

"ಜಯದೇವ, ಗಾಡಿ ಓಡ್ಸಾಕೆ ತಂದ್ಯೋ, ಆರತಿ ಎತ್ತಾಕೆ ತಂದ್ಯೋ?"

ಜಯದೇವಪ್ಪ ಟೋಪಿ ಸರಿಮಾಡಿಕೊಂಡ. ಕೆಲಸ ನನ್ನದಾಯಿತು ಎಂದುಕೊಂಡೆ.

ಅವರು ನನ್ನ ಕಡೆ ತಿರುಗಿದರು. "ಕಚ್ಕಂತೈತೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ರಿ. ಹೇಳ್ದೆ."

"ಹೇಳಿ ಆಮೇಲೆ ಏನ್ಮಾಡ್ದೆ?"

"ಹಾಕ್ದೆ."

"ನಾನೂ ಮಾಲೀಕನೇ ಕಣಯ್ಯ, ನಾಳೆ ನಾನೂ ಹಟ ಹಿಡೀತೀನಿ. ನನ್ನ ಬಸ್ನಾಗೆ ಇಪ್ಪತ್ತು ಜನ ಕೂತಿರ್ತಾರೆ. ಇವನು ದಡ್ಡ, ಬಿಡು. ನೀನು ಗೊತ್ತಿದ್ದೂ ಹಾಕ್ದೋನು."

ಹೊನ್ನಾಳಿಯ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಹೋದರು.

ಸೀಮೆಎಣ್ಣೆಯಲ್ಲಿ ಸರಳನ್ನು ತೊಳೆದು ಗ್ರೀಸಿನ ಡಬ್ಬಿ ತೆರೆದೆ.

"ಸ್ವಲ್ಪ ಕಮ್ಮಿ ಹಚ್ಚೋ, ಪಂಚೆಗೆ ಹತ್ತತೈತೆ" ಎಂದ ಜಯದೇವಪ್ಪ.

"ಅತ್ಲಾಗೆ ನಿಂತ್ಕಳ್ರಿ!" ಎಂದೆ.

ಆ ದನಿ ಬೆಳಿಗ್ಗೆ ಎಲ್ಲಿ ಹೋಗಿತ್ತೋ.