ಕಲ್ಲುಮಂಟಿಗೆ ಹೋಗುವ ಗಾಡಿ

ಸೊಂಟದ ಮೂಳೆ ಮುರಿದುಕೊಂಡ ಮೇಲೆ ಚಿಕ್ಕಬೋರಮ್ಮ ಮೂರು ವರ್ಷ ಕಲ್ಲುಮಂಟಿಯನ್ನು ಜಗಲಿಯಿಂದಲೇ ನೋಡಿದ್ದಳು. ಬಂಡೂರಿನ ರಾಗಿ ಹೊಲಗಳ ಆಚೆ ಬರೀ ಬಂಡೆ, ಲಂಟಾನ, ಗಿಡ್ಡ ಹುಲ್ಲು ಇದ್ದ ಗುಡ್ಡ ಅದು. ಮದುವೆಯಾಗಿ ಬಂದ ಮೂರನೇ ತಿಂಗಳಿಗೇ ಅತ್ತೆ ಕೈಗೊಂದು ಕೋಲು ಕೊಟ್ಟು ಕುರಿಗಳ ಹಿಂದೆ ಅಲ್ಲಿಗೆ ಅಟ್ಟಿದ್ದಳು. ಅವತ್ತು ಚಿಕ್ಕಬೋರಮ್ಮ ದಾರಿಯುದ್ದಕ್ಕೂ ಅತ್ತಿದ್ದಳಂತೆ. ಆಮೇಲೆ ನಲವತ್ತು ವರ್ಷ, ಹೆರಿಗೆಯ ದಿನಗಳನ್ನು ಬಿಟ್ಟರೆ, ಒಂದು ದಿನವೂ ತಪ್ಪಿಸಿರಲಿಲ್ಲ.

ಈಗ ಕುರಿಗಳು ಬೆಳಿಗ್ಗೆ ಮಗ ಪುನೀತನ ಜೊತೆಗೋ ಸೊಸೆ ಸೌಮ್ಯಳ ಜೊತೆಗೋ ಹೋಗುತ್ತಿದ್ದವು. ಅವು ಹೋದ ಮೇಲೆ ಓಣಿಯಲ್ಲಿ ಎದ್ದ ಧೂಳು ಕೂರುವವರೆಗೆ ಚಿಕ್ಕಬೋರಮ್ಮ ಅತ್ತಲೇ ನೋಡುತ್ತಿದ್ದಳು.

“ಸಂಜೆ ಕೊಟ್ಟಿಗೇಲೇ ಇರ್ತವಲ್ಲವ್ವ, ನೋಡ್ಕೋಬಾರ್ದಾ?” ಎಂದ ಪುನೀತ ಒಮ್ಮೆ.

“ಕೂಡಾಕಿದ್ ಕುರೀನ ಏನ್ಲಾ ನೋಡದು? ಮೇಯ್ತಾ ಇರೋ ಕುರೀನ ನೋಡ್ಬೇಕು ಕಣ್ಲಾ.”

“ಬೆನ್ನ ಮ್ಯಾಲೆ ಒತ್ಕೊಂಡು ಓಯ್ತೀನಿ, ನಡಿ ಮತ್ತೆ.”

“ಬದುಕಿರೋವಾಗ್ಲೇ ಇನ್ನೊಬ್ಬರ ಮ್ಯಾಲೆ ಓಗಾಕಿಲ್ಲ ನಾನು.”

ಹಿತ್ತಿಲಲ್ಲಿ ಒಂದು ಹಳೆಯ ಪಿಕಪ್ ಇತ್ತು. ಅದರ ಕಾಗದಪತ್ರದ ಅವಧಿ ಮುಗಿದು, ಹೊಲದೊಳಗೇ ಗೊಬ್ಬರ, ಸೋಗೆ ಹೊರುತ್ತಿತ್ತು. ಪುನೀತ ಒಂದು ದಿನ ಅದನ್ನು ಮಂಟಿಗೆ ಹತ್ತಿಸಲು ಹೋದ. ಅರ್ಧ ದಾರಿಯಲ್ಲಿ ಮುಂದಿನ ಒಂದು ಗಾಲಿ ಗಾಳಿಯಲ್ಲಿ ತಿರುಗಿತು, ಗಾಡಿಯ ಹೊಟ್ಟೆ ಬಂಡೆಯ ಮೇಲೆ ಕೂತಿತು. ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು. ಮರುದಿನವೇ ಅವನು ಭಾರತೀನಗರಕ್ಕೆ, ಜಯಪ್ರಕಾಶನ ಹತ್ತಿರ ಹೋದ.

ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಜಯಪ್ರಕಾಶ ಮೂವತ್ತು ವರ್ಷದಿಂದ ಕಬ್ಬಿನ ಟ್ರೈಲರುಗಳಿಗೆ, ಗಾಲಿಯ ಮೇಲೆ ಭಾರ ಹೊತ್ತು ಬಾಗುವ ಕಮಾನು ಪಟ್ಟಿ ಕಟ್ಟುತ್ತಿದ್ದವನು. ಗಾಡಿಯನ್ನು ಗುಡ್ಡ ಹತ್ತಿಸುವುದು ಯಾತಕ್ಕೆ ಎಂದು ಕೇಳಿದ, ಪುನೀತ ಹೇಳಿದ. ಜಯಪ್ರಕಾಶ ಕೈ ಒರೆಸಿಕೊಂಡು ವಿವರಿಸತೊಡಗಿದ.

“ಈ ಗಾಡೀಲಿ ಮುಂದಿನ ಗಾಲಿ ಒಂದೊಂದೂ ತನ್ನ ಪಾಡಿಗೆ ತಾನು ಕುಣೀತದೆ. ಅದುನ್ನ ತಗ್ದಾಕಿ ಹಳೇ ಜೀಪಿಂದು, ಎರಡು ಗಾಲಿಗೂ ಒಂದೇ ಗಟ್ಟಿ ಆಕ್ಸಲ್ ಕೂರುಸನ. ಹಿಂದಕ್ಕೂ ಅದ್ರುದ್ದೇ. ನಾಕು ಗಾಲೀನೂ ಎಳೀತವೆ. ಆದ್ರೆ ರೋಡಿಗೆ ಮಾತ್ರ ಇಳಿಸಂಗಿಲ್ಲ ಕಣ್ಲಾ. ಒಲ, ಗುಡ್ಡಕ್ಕಷ್ಟೇ.”

ಗಾಡಿಯನ್ನು ಲಾರಿಯ ಮೇಲೆ ಹೇರಿ ಭಾರತೀನಗರಕ್ಕೆ ತಂದರು. ಆಕ್ಸಲ್‌ಗಳು ಮದ್ದೂರಿನ ಗುಜರಿಯಲ್ಲಿ ಸಿಕ್ಕವು. ಕೆಲಸ ಶುರುವಾಗಿ ಐದನೇ ದಿನ ತಾನೂ ನೋಡಬೇಕೆಂದು ಹಟ ಹಿಡಿದು ಚಿಕ್ಕಬೋರಮ್ಮ ಆಟೋದಲ್ಲಿ ಬಂದಳು. ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು.

ಪಿಕಪ್ಪಿನ ಮುಂಭಾಗವನ್ನು ಜಯಪ್ರಕಾಶ ಪೂರಾ ಬಿಚ್ಚಿ ಹಾಕಿದ್ದ. ಕಮಾನು ಪಟ್ಟಿಯ ಎರಡು ತುದಿಗಳನ್ನು ಹಿಡಿಯಲು ಚಾಸಿಯಲ್ಲಿ ಜಾಗವೇ ಇರಲಿಲ್ಲ. ದಪ್ಪ ತಗಡು ಕತ್ತರಿಸಿ ಹಿಡಿಕೆಗಳನ್ನು ತಾನೇ ಮಾಡಿಕೊಂಡಿದ್ದ. ಅವನ್ನು ಮೊದಲು ಚುಕ್ಕೆ ಚುಕ್ಕೆಯಾಗಿ ಮಾತ್ರ ಬೆಸೆದು, ಗಾಡಿಯ ಭಾರವನ್ನು ನೆಲಕ್ಕೆ ಬಿಟ್ಟು, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯುತ್ತಿದ್ದ.

“ಯಾಕಪ್ಪ ಅಂಗೆ ದಾರ ಹಿಡೀತಿದ್ದೀಯೆ?”

“ಒಂದ್ ಕಡೆ ಬೆಳ್ಳಷ್ಟು ಎಚ್ಚುಕಮ್ಮಿ ಆದ್ರೂ ಗಾಡಿ ಅಡ್ಡಡ್ಡ ನಡೀತದೆ ಕಣವ್ವ.”

“ನಮ್ ಮೊಂಡಿ ಅಂಗೇ ನಡೀತಿತ್ತು,” ಎಂದು ಚಿಕ್ಕಬೋರಮ್ಮ ನಕ್ಕಳು. ಮೊಂಡಿ ಎಂಬುದು ಒಂದು ಕುರಿ. ಹಿಂಗಾಲು ಸೊಟ್ಟಗಿದ್ದರೂ ಮಂಟಿಯ ತುದಿಗೆ ಎಲ್ಲಕ್ಕಿಂತ ಮೊದಲು ಹತ್ತಿ ನಿಲ್ಲುತ್ತಿತ್ತಂತೆ. ಅಲ್ಲಿಂದ ಶುರುವಾದ ಮಾತು ಸಂಜೆಯವರೆಗೂ ನಿಲ್ಲಲಿಲ್ಲ. ಕೆಂಚಿ ಯಾವ ಬಂಡೆಯ ಸಂದಿಯಲ್ಲಿ ಮರಿ ಹಾಕಿತು, ಚುಕ್ಕಿ ಮಳೆಯಲ್ಲಿ ಹೇಗೆ ತನ್ನ ಸೆರಗಿನೊಳಗೇ ತಲೆ ತೂರಿಸುತ್ತಿತ್ತು, ಎಲ್ಲ ಹೇಳಿದಳು. ಜಯಪ್ರಕಾಶ ಹೂಂಗುಟ್ಟುತ್ತ ಬೆಸೆಯುತ್ತಿದ್ದ.

ಹನ್ನೆರಡನೇ ದಿನ ಗಾಡಿ ಲಾರಿಯ ಮೇಲೇ ಬಂಡೂರಿಗೆ ಬಂತು. ಪುನೀತ ನೇರ ಮಂಟಿಗೆ ಹತ್ತಿಸಿ, ಹಿಂದೆ ಹೊಟ್ಟೆ ಕೂತಿದ್ದ ಬಂಡೆಯನ್ನೂ ದಾಟಿಸಿ ಇಳಿಸಿಕೊಂಡು ಬಂದ. ಬಾಗಿಲ ಮುಂದೆ ನಿಲ್ಲಿಸಿ, “ಬಾರವ್ವ!” ಎಂದು ಕೂಗಿದ.

ಚಿಕ್ಕಬೋರಮ್ಮ ಒಗೆದ ಸೀರೆ ಉಟ್ಟು ಕೋಲೂರಿಕೊಂಡು ಬಂದಳು. ಗಾಡಿಯ ಸೀಟು ಅವಳ ಎದೆ ಮಟ್ಟಕ್ಕಿತ್ತು. ಬಾಗಿಲು ಹಿಡಿದು ಕಾಲೆತ್ತಿದಳು. ಕಾಲು ಮೊಣಕಾಲಿನ ಮಟ್ಟಕ್ಕೂ ಏಳಲಿಲ್ಲ. ಇನ್ನೊಮ್ಮೆ ಎತ್ತಿದಳು. ಪುನೀತ ಒಳಗಿಂದ ಸ್ಟೂಲು ತಂದಿಟ್ಟ. ಅದರ ಮೇಲೆ ನಿಂತಾಗ ಸ್ಟೂಲು ಅಲುಗಿ ಅವಳು ಹೆದರಿದಳು. ಅವನು ಹಿಂದಿನಿಂದ ಸೊಂಟಕ್ಕೆ ಕೈ ಹಾಕಿದ.

“ಬುಡ್ಲಾ ಕೈಯ!”

ಅವಳು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಮಧ್ಯಾಹ್ನ ಮುದ್ದೆ ಮುಟ್ಟಲಿಲ್ಲ. ಸೌಮ್ಯ ಹೋಗಿ ಕರೆದಾಗ, “ಆಸೆ ಪಡಬಾರ್ದಿತ್ತು ಕಣವ್ವ. ಎಲ್ಲಾರ್ಗೂ ತೊಂದ್ರೆ ಕೊಟ್ಟೆ,” ಎಂದಳು.

ಸಂಜೆ ಜಯಪ್ರಕಾಶ ತಾನಾಗಿ ಫೋನು ಮಾಡಿದ. ಪುನೀತ ನಡೆದದ್ದು ಹೇಳಿದ.

“ನಂದೇ ತಪ್ಪು ಕಣ್ಲಾ,” ಎಂದ ಜಯಪ್ರಕಾಶ. “ ಶೆಡ್ಡಿಗೆ ಬಂದು ಇಡೀ ದಿನ ಕುಂತಿತ್ತು ಅವ್ವ. ಗುಡ್ಡದ್ ಲೆಕ್ಕ ಮಾಡ್ದೆ, ಅವ್ವನ ಕಾಲು ಎಷ್ಟೆತ್ರ ಏಳ್ತದೆ ಅಂತ ನೋಡ್ನಿಲ್ಲ.”

ಮರುದಿನ ಬೆಳಿಗ್ಗೆ ವೆಲ್ಡಿಂಗ್ ಮೆಷಿನ್ನನ್ನು ಆಟೋದಲ್ಲಿ ಹಾಕಿಕೊಂಡು ಬಂದುಬಿಟ್ಟ. ಎತ್ತರ ಸಿಗಲೆಂದು ಕಮಾನು ಪಟ್ಟಿಗಳನ್ನು ಆಕ್ಸಲಿನ ಮೇಲೆ ಕೂರಿಸಿದ್ದ. ಅವನ್ನು ಕೆಳಕ್ಕೆ ತಂದರೆ ಗಾಡಿ ಹತ್ತಿರ ಹತ್ತಿರ ಒಂದು ಗೇಣು ತಗ್ಗುತ್ತಿತ್ತು. ತಾನೇ ಬೆಸೆದಿದ್ದನ್ನು ತಾನೇ ಕೊರೆದು ತೆಗೆದು, ಆಕ್ಸಲಿನ ಅಡಿಗೆ ಮತ್ತೆ ಬೆಸೆದ. ಹೊರುವುದು ಗೊಬ್ಬರವನ್ನಲ್ಲ, ಮುದುಕಿಯನ್ನು ಎಂದು ಒಂದೊಂದು ಕಮಾನಿನಲ್ಲೂ ಎರಡೆರಡು ಪಟ್ಟಿ ಕಳಚಿ ಮೆತ್ತಗೆ ಮಾಡಿದ. ಬಾಗಿಲ ಕೆಳಗೆ ಅಲುಗದ ಹಾಗೆ ಅಗಲದ ಮೆಟ್ಟಿಲೊಂದನ್ನು ಕೂರಿಸಿದ.

“ಗಾಡಿ ಇಳುದ್ರೆ ಮತ್ತೆ ಬಂಡೆಗೆ ತಗಲ್ತದಲ್ಲಣ್ಣ?” ಎಂದ ಪುನೀತ.

“ತಗಲ್ತದೆ. ಗಾಡೀನ ನಾನು ನೋಡ್ಕಂಡಿವ್ನಿ. ಬಂಡೇನ ನೀನು ನೋಡ್ಕೊ.”

ಪುನೀತ ನಾಲ್ಕು ದಿನ ಹಾರೆ, ಸುತ್ತಿಗೆ ಹಿಡಿದು ಮಂಟಿಯ ದಾರಿಯಲ್ಲಿದ್ದ. ಮೀಟಿ ಉರುಳಿಸಬಹುದಾದ ಕಲ್ಲನ್ನು ಉರುಳಿಸಿದ, ಆಗದ್ದರ ಪಕ್ಕಕ್ಕೆ ಮಣ್ಣು ತುಂಬಿದ. ಅಂಗೈಯಲ್ಲಿ ಬೊಬ್ಬೆ ಎದ್ದವು. ಬೇಲಿ ಕೆಲಸ ಎಂದು ಅವ್ವನಿಗೆ ಸುಳ್ಳು ಹೇಳಿದ. ಅವಳು ಹರಳೆಣ್ಣೆ ತಂದು ಅವನ ಅಂಗೈಗೆ ಸವರಿದಳು.

ಶನಿವಾರ ಬೆಳಿಗ್ಗೆ ಸೌಮ್ಯ ಕುರಿಗಳನ್ನು ಹೊಡೆದುಕೊಂಡು ಮುಂದೆ ಹೋದಳು. ಚಿಕ್ಕಬೋರಮ್ಮ ಗಾಡಿಯ ಹಿಡಿ ಹಿಡಿದು, ಮೆಟ್ಟಿಲ ಮೇಲೆ ಬಲಗಾಲಿಟ್ಟು, ಉಸಿರು ಬಿಗಿಹಿಡಿದು ಮೇಲೇರಿ ಕೂತಳು. ಯಾರೂ ಕೈ ಹಾಕಲಿಲ್ಲ. ನೋಡಲೆಂದು ಮತ್ತೆ ಬಂದಿದ್ದ ಜಯಪ್ರಕಾಶ ಹಿಂದಿನ ತೊಟ್ಟಿಯಲ್ಲಿ ಕೂತು, ಗಾಲಿಗಳನ್ನೇ ಬಗ್ಗಿ ನೋಡುತ್ತ ಬಂದ.

ಗಾಡಿಯ ಸದ್ದಿಗೆ ಕುರಿಗಳು ಬೆದರಿ ದೂರ ಓಡಿದವು. ಪುನೀತ ಎಂಜಿನ್ ಆರಿಸಿದ. ಚಿಕ್ಕಬೋರಮ್ಮ ಇಳಿದು, ಕೋಲೂರಿ ಹತ್ತು ಹೆಜ್ಜೆ ನಡೆದು ಒಂದು ಚಪ್ಪಟೆ ಬಂಡೆಯ ಮೇಲೆ ಕೂತಳು. ತುಂಬ ಹೊತ್ತಾದ ಮೇಲೆ ಕುರಿಗಳು ಮೇಯುತ್ತ ಮೇಯುತ್ತ ಅವಳ ಸುತ್ತ ಬಂದವು. ಹುಲ್ಲು ಕೀಳುವ ಸದ್ದು ಕೇಳುವಷ್ಟು ಹತ್ತಿರ.

“ಕೆಂಚಿ ಎಲ್ಲವ್ವ?”

“ಓದ್ ವರ್ಸವೇ ಮಾರುದ್ವಲ್ಲತ್ತೆ,” ಎಂದಳು ಸೌಮ್ಯ.

“ಚುಕ್ಕಿ?”

ಸೌಮ್ಯ ಒಂದು ಪಟ್ಟೆ ಕುರಿಯನ್ನು ಹಿಡಿದು ತಂದಳು. “ಇದು ಚುಕ್ಕಿ ಮಗಳ ಮಗಳು.”

ಅದು ಅವಳ ಕೈ ಮೂಸಿ, ಕೊಸರಿಕೊಂಡು ಓಡಿತು. ಚಿಕ್ಕಬೋರಮ್ಮ ನಾಲಿಗೆ ಹೊರಳಿಸಿ ತನ್ನ ಹಳೆಯ ಕೂಗು ಹಾಕಿದಳು. ಕುರಿಗಳು ತಲೆಯೆತ್ತಿ ನೋಡಿದವು. ಮತ್ತೆ ಮೇಯತೊಡಗಿದವು.

ಬಿಸಿಲು ಏರಿದಾಗ ಮಂದೆ ದಿಣ್ಣೆಯ ತುದಿ ದಾಟಿ ಆಚೆ ಇಳಿಜಾರಿಗೆ, ನೀರಿಗೆ ಹೊರಟಿತು. ಚಿಕ್ಕಬೋರಮ್ಮ ಎದ್ದು ಹಿಂದೆ ಮೂರು ಹೆಜ್ಜೆ ಹಾಕಿ ನಿಂತಳು. ಕೊನೆಯ ಕುರಿಯ ಬೆನ್ನೂ ಮರೆಯಾಯಿತು.

“ಆ ಕಡೆ ಒಂದು ಕೊಳ ಐತೆ ಕಣಪ್ಪ. ಅಲ್ಲಿಗೆ ಗಾಡಿ ಓಯ್ತದಾ?”

ಜಯಪ್ರಕಾಶ ತುದಿಯವರೆಗೆ ಹೋಗಿ ಇಣುಕಿ ಬಂದ. “ಪೂರ್ತಿ ಬಂಡೆ ಕಣವ್ವ. ಅಲ್ಲಿಗೆ ಯಾವ ಗಾಡೀನೂ ಓಗಾಕಿಲ್ಲ.”

“ಗೊತ್ತು. ನಲವತ್ತು ವರ್ಸ ನಡ್ದಿವ್ನಿ. ಸುಮ್ಕೆ ಕೇಳ್ದೆ.”

ಮಂದೆ ವಾಪಸು ಬರುವವರೆಗೂ ಅವಳು ಆ ಕಡೆಗೇ ಮುಖ ಮಾಡಿ ಕೂತಿದ್ದಳು. ಆಮೇಲೆ ವಾರಕ್ಕೆರಡು ದಿನ ಪುನೀತ ಅವಳನ್ನು ಕರೆದುಕೊಂಡು ಹೋಗತೊಡಗಿದ. ಒಮ್ಮೆ ಅವನು, ನೀರನ್ನು ಡ್ರಮ್ಮಿನಲ್ಲಿ ಇಲ್ಲಿಗೇ ತರುತ್ತೇನೆ, ಕುರಿಗಳು ದಿನವಿಡೀ ನಿನ್ನ ಕಣ್ಣ ಮುಂದೆಯೇ ಇರುತ್ತವೆ ಎಂದ.

“ಬ್ಯಾಡ ಕಣ್ಲಾ,” ಎಂದಳು ಚಿಕ್ಕಬೋರಮ್ಮ. “ಅವು ಕೊಳಕ್ಕೇ ಓಗ್ಲಿ.”